ಮೆದುಳಿನ ಡಿಫ್ಯೂಷನ್, ಪರ್ಫ್ಯೂಷನ್ ಎಂಆರ್‌ಐ: ನಕ್ಷೆ ಕೈಕೊಟ್ಟಾಗ ದೋಷ ಹುಡುಕುವುದು ಹೇಗೆ

ಮೆದುಳಿನ ನೀರು ಎಷ್ಟು ಸಲೀಸಾಗಿ ಚಲಿಸುತ್ತದೆ ಎಂದು ತೋರಿಸುವ ಎಡಿಸಿ ನಕ್ಷೆಯಲ್ಲೊಂದು ಕಪ್ಪು ಮಚ್ಚೆ ಕಾಣುತ್ತದೆ. ಅದು ರಕ್ತ ನಿಂತುಹೋದ ಜಾಗವೋ, ಕೂದಲಲ್ಲಿ ಉಳಿದ ಪಿನ್ನೋ, ಯಂತ್ರದ ತಪ್ಪೋ? ನಕ್ಷೆಯನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಎಡಿಸಿ, ಎಫ್‌ಎ (ನೀರಿನ ಚಲನೆ ಒಂದೇ ದಿಕ್ಕಿಗೆ ಎಷ್ಟು ವಾಲಿದೆ), ಸಿಬಿವಿ (ಮೆದುಳಿನ ರಕ್ತದ ಪ್ರಮಾಣ), ಸಿಬಿಎಫ್ (ಮೆದುಳಿನ ರಕ್ತದ ಹರಿವು) ಎಲ್ಲವೂ ಲೆಕ್ಕ ಹಾಕಿ ಬಿಡಿಸಿದ ಚಿತ್ರಗಳು. ಲೆಕ್ಕದೊಳಗೆ ಹೋದ ಕಸ ಚಂದದ ಬಣ್ಣ ಬಳಿದುಕೊಂಡು ಹೊರಗೆ ಬರುತ್ತದೆ. ಹಾಗಾಗಿ ಸಂಶಯ ಬಂದೊಡನೆ ನಕ್ಷೆಯನ್ನು ಬದಿಗಿಟ್ಟು ಅದು ಹುಟ್ಟಿದ ಮೂಲ ಚಿತ್ರಗಳನ್ನು ತೆರೆಯಬೇಕು. ಡಿಫ್ಯೂಷನ್‌ಗೆ, ಅಂದರೆ ನೀರಿನ ಚಲನೆ ಅಳೆಯುವ ಸ್ಕ್ಯಾನ್‌ಗೆ, ಬಿ0 (ಡಿಫ್ಯೂಷನ್ ಗ್ರೇಡಿಯಂಟ್ ಹಾಕದೆ ತೆಗೆದ ಚಿತ್ರ) ಮತ್ತು ಒಂದೊಂದು ಗ್ರೇಡಿಯಂಟ್ (ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರ) ದಿಕ್ಕಿನ ಚಿತ್ರಗಳು, ಗ್ಯಾಡೊಲಿನಿಯಮ್ ಔಷಧಿ ಚುಚ್ಚಿ ರಕ್ತದ ಹರಿವು ನೋಡುವ ಡಿಎಸ್‌ಸಿ ಪರ್ಫ್ಯೂಷನ್‌ಗೆ ಸಮಯದ ಜೊತೆ ಸಿಗ್ನಲ್ ಏರಿಳಿಯುವ ಗೆರೆ, ರಕ್ತಕ್ಕೇ ಗುರುತು ಹಾಕುವ ಎಎಸ್‌ಎಲ್‌ಗೆ ಲೇಬಲ್ (ಗುರುತು ಹಾಕಿದ) ಮತ್ತು ಕಂಟ್ರೋಲ್ (ಹಾಕದ) ಜೋಡಿಗಳು. ಇವು ಕನ್ಸೋಲ್‌ನಲ್ಲಿ ಉಳಿಯುವಂತೆ ಪ್ರೋಟೋಕಾಲ್‌ನಲ್ಲೇ ಹೊಂದಿಸಿಡಿ. ಟ್ರೇಸ್ ಚಿತ್ರ (ಎಲ್ಲ ದಿಕ್ಕುಗಳ ಸರಾಸರಿ) ಮಾತ್ರ ಉಳಿಸಿ ಉಳಿದದ್ದನ್ನು ಅಳಿಸಿದ ಮೇಲೆ ದೋಷ ಹುಡುಕಲು ಕೈಯಲ್ಲಿ ಏನೂ ಇರುವುದಿಲ್ಲ.

ಮೊದಲು ಮೂರು ಪ್ರಶ್ನೆ

ಫೇಸ್ ಎನ್‌ಕೋಡಿಂಗ್ ದಿಕ್ಕು (ಚಿತ್ರದ ಸಾಲುಗಳನ್ನು ಒಂದೊಂದಾಗಿ ತುಂಬುವ ದಿಕ್ಕು) ತಿರುಗಿಸಿದರೆ ದೋಷವೂ ತಿರುಗುತ್ತದೆಯೇ? ಮುಂದಿನಿಂದ ಹಿಂದಕ್ಕೆ ಇದ್ದುದನ್ನು ಹಿಂದಿನಿಂದ ಮುಂದಕ್ಕೆ ಮಾಡಿ ಬಿ0 ಒಂದನ್ನೇ ಮತ್ತೆ ತೆಗೆಯಿರಿ. ಅರ್ಧ ನಿಮಿಷವೂ ಬೇಡ. ಹಿಗ್ಗಿದ್ದ ಜಾಗ ಕುಗ್ಗಿದರೆ ಕಾಂತಕ್ಷೇತ್ರ ಅಲ್ಲಿ ಏರುಪೇರಾಗಿದೆ ಎಂದರ್ಥ. ಮಚ್ಚೆ ಇದ್ದಲ್ಲೇ ಇದ್ದರೆ ಅದು ಅಂಗಾಂಶದ್ದೇ ಆಗಿರುವ ಸಾಧ್ಯತೆ ಹೆಚ್ಚು.

ಗ್ರೇಡಿಯಂಟ್ ದಿಕ್ಕಿನೊಂದಿಗೆ ಬದಲಾಗುತ್ತದೆಯೇ? ಎಲ್ಲ ದಿಕ್ಕುಗಳ ಚಿತ್ರಗಳನ್ನು ಸಿನಿಮಾದಂತೆ ಓಡಿಸಿ. ತಲೆಯ ಆಕಾರ ದಿಕ್ಕಿನಿಂದ ದಿಕ್ಕಿಗೆ ಉಸಿರಾಡಿದಂತೆ ಕಂಡರೆ ಎಡ್ಡಿ ಕರೆಂಟ್, ಅಂದರೆ ಗ್ರೇಡಿಯಂಟ್ ಏರಿಳಿದಾಗ ಯಂತ್ರದ ಲೋಹದಲ್ಲಿ ಹುಟ್ಟುವ ವಿದ್ಯುತ್. ಒಂದು ದಿಕ್ಕಿನಲ್ಲಿ ಒಂದೇ ಸ್ಲೈಸ್ ಕತ್ತಲಾದರೆ ಆ ಕ್ಷಣಕ್ಕೆ ತಲೆ ಅಲುಗಿದೆ. ಬಿ0 ಚಿತ್ರದಲ್ಲೂ ಅದೇ ದೋಷ ಇದ್ದರೆ ಡಿಫ್ಯೂಷನ್ ಗ್ರೇಡಿಯಂಟ್‌ನ ಮೇಲೆ ಅನುಮಾನ ಪಡಬೇಕಿಲ್ಲ.

ಫ್ಯಾಂಟಮ್‌ನಲ್ಲೂ (ರೋಗಿಯ ಬದಲು ಸ್ಕ್ಯಾನ್ ಮಾಡುವ ಪರೀಕ್ಷಾ ವಸ್ತು) ಬರುತ್ತದೆಯೇ? ಬಂದರೆ ಯಂತ್ರ, ಬರದಿದ್ದರೆ ರೋಗಿ ಅಥವಾ ರೋಗಿಯನ್ನು ಮಲಗಿಸಿದ ರೀತಿ. ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡುವ ಮೊದಲು ಈ ಉತ್ತರ ನಿಮ್ಮ ಕೈಯಲ್ಲಿರಬೇಕು. ಇಲ್ಲದಿದ್ದರೆ ಅವರು ಬಂದು ಮಾಡುವ ಮೊದಲ ಕೆಲಸವೂ ಇದೇ.

ಎಡಿಸಿ ಅಂಕಿ ಹೊಂದುತ್ತಿಲ್ಲ

ಒಂದು ಪಿಕ್ಸೆಲ್ ಹಿಡಿದು ಕೈಯಲ್ಲೇ ಲೆಕ್ಕ ಮಾಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬಿ0 ಸಿಗ್ನಲನ್ನು ಬಿ1000 (ಡಿಫ್ಯೂಷನ್‌ನ ಬಲ ಹೇಳುವ ಬಿ ಮೌಲ್ಯ 1000 ಇಟ್ಟು ತೆಗೆದ ಚಿತ್ರ) ಸಿಗ್ನಲ್‌ನಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, 1000ದಿಂದ ಭಾಗಿಸಿದರೆ ಎಡಿಸಿ. ಬಿ0ಯಲ್ಲಿ 1000, ಬಿ1000ದಲ್ಲಿ 449 ಇದ್ದರೆ ಎಡಿಸಿ 0.8×10⁻³ ಮಿಮೀ²/ಸೆ, ಅಂದರೆ ಆರೋಗ್ಯವಂತ ವಯಸ್ಕರ ಮೆದುಳು. 670 ಇದ್ದರೆ 0.4×10⁻³, ಹೊಸ ಇನ್‌ಫಾರ್ಕ್ಟ್‌ನಲ್ಲಿ (ರಕ್ತ ಸಿಗದೆ ಸತ್ತ ಭಾಗ) ಸಿಗುವಂಥ ಅಂಕಿ. ವಯಸ್ಕರ ಬೂದು ಮತ್ತು ಬಿಳಿ ಭಾಗ 0.7ರಿಂದ 0.9ರ ಒಳಗಿರಬೇಕು, ವೆಂಟ್ರಿಕಲ್‌ನ (ಮೆದುಳಿನ ಒಳಗಿನ ಕುಳಿ) ಸಿಎಸ್‌ಎಫ್ ದ್ರವ 3.0ರ ಆಸುಪಾಸಿನಲ್ಲಿರಬೇಕು. ನವಜಾತ ಶಿಶುವಿನ ಬಿಳಿ ಭಾಗದಲ್ಲಿ ನೀರು ಹೆಚ್ಚು, ಎಡಿಸಿಯೂ ಹೆಚ್ಚು. ವಯಸ್ಕರ ಅಳತೆಗೋಲು ಅಲ್ಲಿಗೆ ಸಲ್ಲದು.

ಕೈಲೆಕ್ಕ ಸರಿಯಿದ್ದು ನಕ್ಷೆಯ ಅಂಕಿ ಸಾವಿರ ಅಥವಾ ಹತ್ತು ಲಕ್ಷ ಪಟ್ಟು ಬೇರೆಯಿದ್ದರೆ ಗಾಬರಿ ಬೇಡ. ನಕ್ಷೆಯನ್ನು ಪೂರ್ಣಾಂಕವಾಗಿ ಉಳಿಸಲು ಹೆಚ್ಚಿನ ಯಂತ್ರಗಳು 0.0008 ಅನ್ನು 800 ಎಂದು ಬರೆಯುತ್ತವೆ. ಡೈಕಾಮ್ (ಚಿತ್ರದ ಕಡತ) ಹೆಡರ್‌ನ ರೀಸ್ಕೇಲ್ ಸ್ಲೋಪ್, ಅಂದರೆ ಆ ಪಟ್ಟಿನ ಗುಣಕವನ್ನು, ಓದದ ತಂತ್ರಾಂಶದಲ್ಲಿ ಅಂಕಿ ಅಡ್ಡಾದಿಡ್ಡಿಯಾಗುತ್ತದೆ. ಇನ್‌ಫಾರ್ಕ್ಟ್ ಗಾತ್ರ ಅಳೆಯಲು 0.62×10⁻³ಕ್ಕಿಂತ ಕೆಳಗಿನದನ್ನೆಲ್ಲ ಎಣಿಸುವ ತಂತ್ರಾಂಶಕ್ಕೆ ಇಂಥ ನಕ್ಷೆ ಹೋದರೆ ಮೆದುಳೆಲ್ಲ ಸತ್ತಂತೆಯೋ ಎಲ್ಲ ಕ್ಷೇಮವೆಂದೋ ತೋರಿಸೀತು.

ನಿಜಕ್ಕೂ ಅಳತೆಯೇ ತಪ್ಪಿದೆ ಅನ್ನಿಸಿದರೆ ಐಸ್ ನೀರಿನ ಪರೀಕ್ಷೆಗೆ ಸಾಟಿಯಿಲ್ಲ. ಡಿಸ್ಟಿಲ್ಡ್ ನೀರು ತುಂಬಿದ ಕೊಳವೆಯನ್ನು ಪುಡಿ ಐಸ್ ಮತ್ತು ನೀರಿನ ಡಬ್ಬದ ನಡುವೆ ನಿಲ್ಲಿಸಿ ಒಂದು ಗಂಟೆ ಬಿಡಿ. ಸ್ಕ್ಯಾನ್ ಮುಗಿದಾಗಲೂ ಡಬ್ಬದಲ್ಲಿ ಐಸ್ ಉಳಿದಿರಬೇಕು. 0 ಡಿಗ್ರಿಯಲ್ಲಿ ನೀರಿನ ಡಿಫ್ಯೂಷನ್ 1.1×10⁻³ ಮಿಮೀ²/ಸೆ. ಕೋಣೆಯ ಉಷ್ಣಾಂಶದಲ್ಲಿಟ್ಟ ನೀರಿನ ಬಾಟಲಿಯನ್ನು ನಂಬಬೇಡಿ. 20 ಡಿಗ್ರಿಯಲ್ಲಿ 2.0 ಇದ್ದದ್ದು 25 ಡಿಗ್ರಿಗೆ 2.3 ಆಗುತ್ತದೆ. ಎಸಿ ಸ್ವಲ್ಪ ಏರುಪೇರಾದರೆ ಸಾಕು, ಯಂತ್ರ ಕೆಟ್ಟಿದೆ ಎಂಬ ಸುಳ್ಳು ತೀರ್ಪು ಬರುತ್ತದೆ.

ಮೂರು ಅಕ್ಷಗಳ ಎಡಿಸಿಯನ್ನು ಒಟ್ಟು ಸೇರಿಸದೆ ಬೇರೆಬೇರೆಯಾಗಿ ನೋಡುವುದು ಇಲ್ಲಿಯ ಗುಟ್ಟು. ನೀರಿಗೆ ದಿಕ್ಕಿನ ಭೇದವಿಲ್ಲ, ಆದ್ದರಿಂದ ಮೂರೂ ಒಂದೇ ಇರಬೇಕು. ಒಂದು ಅಕ್ಷ ಮಾತ್ರ 6% ಹೆಚ್ಚಿದ್ದರೆ ಆ ಗ್ರೇಡಿಯಂಟ್‌ನ ಬಲ ಸುಮಾರು 3% ಹೆಚ್ಚಿದೆ, ಏಕೆಂದರೆ ಬಿ ಮೌಲ್ಯ ಗ್ರೇಡಿಯಂಟ್‌ನ ವರ್ಗದ ಜೊತೆ ಏರುತ್ತದೆ. ಕೊಳವೆ ನಡುವಲ್ಲಿದ್ದಾಗ ಸರಿಯಿದ್ದು, ಮೇಜನ್ನು 10 ಸೆಂಮೀ ಸರಿಸಿದಾಗ ಮಾತ್ರ ಅಂಕಿ ಜಾರಿದರೆ ಅದು ಗ್ರೇಡಿಯಂಟ್ ಸಮರೇಖೆಯಲ್ಲಿಲ್ಲದ ಜಾಗ. ಕ್ಯಾಲಿಬ್ರೇಷನ್ ಕೆಟ್ಟಿಲ್ಲ. ರೋಗಿಯ ತಲೆಯನ್ನು ಯಂತ್ರದ ನಡುಬಿಂದುವಿಗೆ ತಂದು ಮಲಗಿಸಿದರೆ ಸಾಕು.

ಸಿಎಸ್‌ಎಫ್ ದ್ರವದ ಎಡಿಸಿ ಮಾತ್ರ 2.5ಕ್ಕೆ ಇಳಿದು ಉಳಿದದ್ದು ಸರಿಯಿದೆಯೇ? ಅದು ಗದ್ದಲದ ನೆಲಮಟ್ಟ. ಬಿ1000ದಲ್ಲಿ ಆ ದ್ರವದ ಸಿಗ್ನಲ್ 5%ಕ್ಕೆ ಇಳಿಯುತ್ತದೆ. ಬಿ0ಯಲ್ಲಿ ಸಿಗ್ನಲ್ ಗದ್ದಲಕ್ಕಿಂತ 20 ಪಟ್ಟಿದ್ದರೆ ಈಗ ಒಂದೇ ಪಟ್ಟು. ಮ್ಯಾಗ್ನಿಟ್ಯೂಡ್ ಚಿತ್ರದಲ್ಲಿ (ಸಿಗ್ನಲ್‌ನ ಗಾತ್ರ ಮಾತ್ರ ಉಳಿಸಿದ್ದು) ಗದ್ದಲ ಸೊನ್ನೆಗಿಂತ ಕೆಳಗಿಳಿಯದು, ಹಾಗಾಗಿ ಸಿಗ್ನಲ್ ಇರಬೇಕಾದ್ದಕ್ಕಿಂತ ಮೇಲೆಯೇ ನಿಂತು ಎಡಿಸಿ ಕಡಿಮೆ ತೋರುತ್ತದೆ. ಬಿ ಮೌಲ್ಯ 2000, 3000ಕ್ಕೆ ಏರಿಸುವವರಿಗೆ ಇದೇ ಕಾಯಿಲೆ ಮೆದುಳಿನ ಅಂಗಾಂಶದಲ್ಲೂ ತಗಲುತ್ತದೆ. ಆವರ್ತನೆ ಹೆಚ್ಚಿಸುವಾಗ ಸರಾಸರಿಯನ್ನು ಕಾಂಪ್ಲೆಕ್ಸ್ ದತ್ತದ (ಗಾತ್ರ, ಫೇಸ್ ಎರಡೂ ಇರುವುದು) ಮೇಲೆ ಮಾಡಬೇಕು. ಮ್ಯಾಗ್ನಿಟ್ಯೂಡ್ ಚಿತ್ರಗಳನ್ನು ನೂರು ಸಲ ಸರಾಸರಿ ಮಾಡಿದರೂ ನೆಲಮಟ್ಟ ಇಳಿಯುವುದಿಲ್ಲ.

ಡಿಫ್ಯೂಷನ್ ಚಿತ್ರದಲ್ಲಿ ಹೊಳಪು ಇದ್ದು ಎಡಿಸಿಯಲ್ಲಿ ಕಪ್ಪು ಇಲ್ಲವೆಂಬ ದೂರು ಪದೇ ಪದೇ ಬರುತ್ತದೆ. ಅದು ಯಂತ್ರದ ದೋಷವೇ ಅಲ್ಲ, ಟಿ2 ಹೊಳಪು (ಅಂಗಾಂಶದ ಸಿಗ್ನಲ್ ನಿಧಾನವಾಗಿ ಆರುವುದರಿಂದ ಬರುವುದು) ಹಾಯ್ದು ಬಂದಿದೆ ಅಷ್ಟೆ. ಬಿ0 ಚಿತ್ರ ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ.

ಆಕಾರ ಕೆಟ್ಟಿದೆ

ಡಿಫ್ಯೂಷನ್ ತೆಗೆಯುವುದು ಎಕೋ ಪ್ಲೇನಾರ್ ವಿಧಾನದಲ್ಲಿ. ಇಡೀ ಚಿತ್ರದ ಸಾಲುಗಳನ್ನು ಒಂದೇ ಉಸಿರಿಗೆ ಓದುವ ಈ ವಿಧಾನ ಫೇಸ್ ದಿಕ್ಕಿನಲ್ಲಿ ಬಹಳ ದುರ್ಬಲ. ಎಷ್ಟು ದುರ್ಬಲ ಎಂಬುದನ್ನು ಲೆಕ್ಕ ಹೇಳುತ್ತದೆ. ಎಕೋ ಸ್ಪೇಸಿಂಗ್ (ಒಂದು ಸಾಲಿನಿಂದ ಮುಂದಿನ ಸಾಲಿಗೆ ಹಿಡಿಯುವ ಸಮಯ) 0.7 ಮಿಲಿಸೆಕೆಂಡ್, 128 ಸಾಲು ಎಂದಿಟ್ಟುಕೊಳ್ಳಿ. ಓದಲು 89.6 ಮಿಲಿಸೆಕೆಂಡ್, ಅಂದರೆ ಪಿಕ್ಸೆಲ್‌ಗೆ 11 ಹರ್ಟ್ಜ್. ಸೈನಸ್‌ನ ಗಾಳಿಯ ಮೇಲೆ ಕಾಂತಕ್ಷೇತ್ರ 100 ಹರ್ಟ್ಜ್ ತಪ್ಪಿದರೆ ಆ ಜಾಗ 9 ಪಿಕ್ಸೆಲ್ ಸರಿಯುತ್ತದೆ, 1.8 ಮಿಮೀ ಪಿಕ್ಸೆಲ್ ಆದರೆ 16 ಮಿಮೀ. ಪ್ಯಾರಲಲ್ ಇಮೇಜಿಂಗ್ (ಕೆಲವು ಸಾಲು ಬಿಟ್ಟು ಓದಿ, ಹಲವು ಕಾಯಿಲ್‌ಗಳ ನೆರವಿನಿಂದ ತುಂಬುವುದು) 2 ಪಟ್ಟು ಹಾಕಿದರೆ ಇದು 8 ಮಿಮೀಗೆ ಇಳಿಯುತ್ತದೆ. 1.5 ಟೆಸ್ಲಾದಿಂದ 3 ಟೆಸ್ಲಾಗೆ ಹೋದರೆ ಮತ್ತೆ ಎರಡು ಪಟ್ಟು. ಪಾರ್ಷಿಯಲ್ ಫೂರಿಯೇ (ಒಂದು ಬದಿಯ ಕೆಲವು ಸಾಲುಗಳನ್ನು ಓದದೆ ಬಿಡುವುದು) ಹಾಕಿ ವಿರೂಪ ಇಳಿಸಲು ಹೊರಡುವವರಿದ್ದಾರೆ. ಅದರಿಂದ ಟಿಇ (ಎಕೋಗೆ ಕಾಯುವ ಸಮಯ) ಇಳಿಯುತ್ತದೆ, ವಿರೂಪ ಇಳಿಯುವುದಿಲ್ಲ. ಸಾಲಿನಿಂದ ಸಾಲಿಗೆ ಇರುವ ಅಂತರ ಬದಲಾಗಿಲ್ಲವಲ್ಲ.

ಹಣೆಯ ಹಿಂಭಾಗ ಅಥವಾ ಟೆಂಪೊರಲ್ ತುದಿ ಎಂದಿಗಿಂತ ಹೆಚ್ಚು ವಿಕಾರವಾಗಿದ್ದರೆ ಮೊದಲು ರೋಗಿಯನ್ನೇ ನೋಡಿ: ಹೇರ್‌ಪಿನ್, ಹಲ್ಲಿನ ತಂತಿ, ತೆಗೆಯದೆ ಬಿಟ್ಟ ಮೂಗುತಿ. ಆಮೇಲೆ ಶಿಮ್ ಪೆಟ್ಟಿಗೆ (ಕಾಂತಕ್ಷೇತ್ರವನ್ನು ಸಮಗೊಳಿಸಲು ಗುರುತಿಸುವ ಜಾಗ) ತಲೆಯ ಮೇಲೇ ಕುಳಿತಿದೆಯೇ, ಗಾಳಿಯನ್ನೂ ಕುತ್ತಿಗೆಯನ್ನೂ ಸೇರಿಸಿಕೊಂಡಿದೆಯೇ ನೋಡಿ. ಅದೂ ಸರಿಯಿದ್ದರೆ ಎರಡೂ ಫೇಸ್ ದಿಕ್ಕಿನ ಬಿ0 ಜೋಡಿ ತೆಗೆದು ಎಫ್‌ಎಸ್‌ಎಲ್ ತಂತ್ರಾಂಶದ ಟಾಪಪ್ ಬಗೆಯ ತಿದ್ದುಪಡಿ ಮಾಡಿ. ತಿದ್ದಿದ ಮೇಲೆ ವಿಕಾರ ಇಮ್ಮಡಿಯಾದರೆ ದಿಕ್ಕಿನ ಚಿಹ್ನೆ ತಿರುಗುಮುರುಗಾಗಿದೆ. ಅರ್ಧ ಮಾತ್ರ ತಿದ್ದಿದ್ದರೆ ಪ್ಯಾರಲಲ್ ಇಮೇಜಿಂಗ್ ಪಟ್ಟನ್ನು ಎಲ್ಲೋ ಮರೆತಿದ್ದೀರಿ ಎಂದು ಹುಡುಕಿ.

ಮೆದುಳಿನ ಮೇಲೆ ಬಿಲ್ಲಿನಂಥ ಬಿಳಿ ಗೆರೆ ಬಿದ್ದಿದ್ದರೆ ಅದು ನೆತ್ತಿಯ ಚರ್ಮದ ಕೊಬ್ಬು ಜಾರಿ ಬಂದು ಕುಳಿತದ್ದು. 3 ಟೆಸ್ಲಾದಲ್ಲಿ ಕೊಬ್ಬು ನೀರಿಗಿಂತ 440 ಹರ್ಟ್ಜ್ ದೂರ, 1.5ರಲ್ಲಿ 220. ಮೇಲಿನ ಲೆಕ್ಕದಲ್ಲಿ ಅದು ಪ್ಯಾರಲಲ್ ಇಮೇಜಿಂಗ್ ಇದ್ದರೂ 20 ಪಿಕ್ಸೆಲ್ ಜಾರುತ್ತದೆ. ಕೊಬ್ಬಿನ ಅಣುಗಳು ನೀರಿನಷ್ಟು ಚಲಿಸುವುದಿಲ್ಲ, ಆದ್ದರಿಂದ ಬಿ ಏರಿದಂತೆ ಆ ಗೆರೆ ಇನ್ನಷ್ಟು ಎದ್ದು ಕಾಣುತ್ತದೆ, ಎಡಿಸಿಯಲ್ಲಿ ಕಪ್ಪಾಗುತ್ತದೆ, ಇನ್‌ಫಾರ್ಕ್ಟ್‌ನ ವೇಷ ಹಾಕುತ್ತದೆ. ಸೆಂಟರ್ ಫ್ರೀಕ್ವೆನ್ಸಿ ಮತ್ತು ಶಿಮ್ ಮತ್ತೆ ಮಾಡಿ. ಫ್ಯಾಟ್ ಸ್ಯಾಚುರೇಷನ್ ಸಾಲದಿದ್ದರೆ ಸ್ಲೈಸ್ ಗ್ರೇಡಿಯಂಟ್ ತಿರುಗಿಸುವ ಆಯ್ಕೆಯನ್ನೋ ನೀರನ್ನಷ್ಟೇ ಎಬ್ಬಿಸುವ ಪಲ್ಸನ್ನೋ ಬಳಸಿ.

ಚಿತ್ರದ ಅರ್ಧದಷ್ಟು ದೂರಕ್ಕೆ ಮೆದುಳಿನ ಮಸುಕು ನೆರಳು ಬಿದ್ದರೆ ಅದು ಅರ್ಧ ಫೀಲ್ಡ್ ಘೋಸ್ಟ್: ಬೆಸ ಸಾಲು, ಸಮ ಸಾಲು ಒಂದಕ್ಕೊಂದು ಹೊಂದಿಲ್ಲ. ಒಂದೇ ರೋಗಿಯಲ್ಲಿ ಬಂದರೆ ಶಿಮ್. ದಿನದ ಕೊನೆಯಲ್ಲಿ, ಉದ್ದನೆಯ ಸ್ಕ್ಯಾನ್‌ಗಳ ನಂತರ ಮಾತ್ರ ಬಂದರೆ ಗ್ರೇಡಿಯಂಟ್ ಬಿಸಿಯೇರಿದೆ; ಚಿಲ್ಲರ್‌ನ ನೀರಿನ ಉಷ್ಣಾಂಶ, ಹರಿವು ನೋಡಿ. ಫ್ಯಾಂಟಮ್‌ನಲ್ಲೂ ಬೆಳಗಿನಿಂದಲೇ ಇದ್ದರೆ ಗ್ರೇಡಿಯಂಟ್ ವಿಳಂಬದ ಕ್ಯಾಲಿಬ್ರೇಷನ್ ಆಗಬೇಕು, ಅದು ಎಂಜಿನಿಯರ್ ಕೆಲಸ.

ಟೆನ್ಸರ್ ಮತ್ತು ದಿಕ್ಕು

ಎಫ್‌ಎ ನಕ್ಷೆಯಲ್ಲಿ ಮೆದುಳಿನ ಅಂಚಿಗೆ ಬಿಳಿ ಕಟ್ಟು ಬಂದರೆ ದಿಕ್ಕುಗಳ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಎಡ್ಡಿ ಕರೆಂಟ್ ಮತ್ತು ಚಲನೆಯ ತಿದ್ದುಪಡಿ ನಡೆದಿದೆಯೇ, ನಡೆದ ಮೇಲೆ ಗ್ರೇಡಿಯಂಟ್ ದಿಕ್ಕುಗಳ ಕೋಷ್ಟಕವನ್ನೂ ತಲೆ ತಿರುಗಿದಷ್ಟೇ ತಿರುಗಿಸಲಾಗಿದೆಯೇ ನೋಡಿ. ಸ್ಯಾಜಿಟಲ್ ಆಗಿ ಕತ್ತರಿಸಿದಾಗ ಜೀಬ್ರಾ ಪಟ್ಟೆ ಕಂಡರೆ ಸ್ಲೈಸ್ ಬಿಟ್ಟುಹೋಗಿವೆ. ಕೆಟ್ಟ ಸ್ಲೈಸನ್ನು ಗುರುತಿಸಿ ಬದಲಿಸುವ ಆಯ್ಕೆ ಹಾಕಿ, ತೀರಾ ಹೆಚ್ಚಿದ್ದರೆ ಮತ್ತೆ ಸ್ಕ್ಯಾನ್ ಮಾಡಿ. ವೆಂಟ್ರಿಕಲ್‌ನೊಳಗೆ ಎಫ್‌ಎ ಸೊನ್ನೆಯ ಹತ್ತಿರ ಇರಬೇಕು. ಅಲ್ಲೇ 0.2 ದಾಟಿದ್ದರೆ ಗದ್ದಲ ಜಾಸ್ತಿಯಿದೆ ಅಥವಾ ದ್ರವದ ಮಿಡಿತ ಸೇರಿಕೊಂಡಿದೆ. ಗದ್ದಲ ಎಫ್‌ಎಯನ್ನು ಯಾವಾಗಲೂ ಏರಿಸುತ್ತದೆ. ಕೆಟ್ಟ ಸ್ಕ್ಯಾನ್‌ನ ಎಫ್‌ಎ ನೋಡಿ ನಾರುಗಳು ಚೆನ್ನಾಗಿವೆ ಎಂದುಕೊಳ್ಳುವ ಅಪಾಯ ಇಲ್ಲಿದೆ.

ತಿದ್ದುಪಡಿಗಳ ಸರದಿಯೂ ಮುಖ್ಯ. ಗದ್ದಲ ಇಳಿಸುವುದು ಮೊದಲು, ಗಿಬ್ಸ್ ಅಲೆ (ಚೂಪು ಅಂಚಿನ ಪಕ್ಕ ಮೂಡುವ ಸುಳ್ಳು ಗೆರೆಗಳು) ತೆಗೆಯುವುದು ಆಮೇಲೆ, ನಂತರ ವಿರೂಪ ಮತ್ತು ಚಲನೆ. ಚಲನೆ ತಿದ್ದಿದ ಚಿತ್ರದಲ್ಲಿ ಪಿಕ್ಸೆಲ್‌ಗಳು ಒಂದಕ್ಕೊಂದು ಬೆರೆತಿರುತ್ತವೆ, ಆಮೇಲೆ ಗದ್ದಲ ಇಳಿಸುವ ಗಣಿತಕ್ಕೆ ಆಧಾರವೇ ಉಳಿಯುವುದಿಲ್ಲ.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಬಣ್ಣದ ಎಫ್‌ಎ ನಕ್ಷೆಯಲ್ಲಿ ಕಾರ್ಪಸ್ ಕಲೋಸಮ್ ಕೆಂಪು, ಸಿಂಗುಲಮ್ ಹಸಿರು, ಇಂಟರ್ನಲ್ ಕ್ಯಾಪ್ಸೂಲ್‌ನ ಹಿಂಗಾಲು ನೀಲಿ ಬಂದರೆ ದಿಕ್ಕು ಸರಿಯಿದೆ ಎಂದು ನಂಬಿಬಿಡುತ್ತಾರೆ. ಅಕ್ಷಗಳು ಅದಲುಬದಲಾಗಿಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುವುದು. ಒಂದು ಅಕ್ಷದ ಚಿಹ್ನೆ ತಿರುಗಿದ್ದರೆ ಬಣ್ಣ ಅದನ್ನು ಹಿಡಿಯದು, ಏಕೆಂದರೆ ಬಣ್ಣಕ್ಕೆ ಧನ ಋಣಗಳ ಲೆಕ್ಕವಿಲ್ಲ. ಗೆರೆಗಳಾಗಿ ತೋರಿಸಿ, ಕಲೋಸಮ್‌ನ ಮುಂತುದಿಯಿಂದ ಹಣೆಯ ಕಡೆಗೆ ಕವಲೊಡೆಯುವ ನಾರುಗಳನ್ನು ನೋಡಿ. ಗೆರೆಗಳು ನಾರಿನ ಬಾಗನ್ನು ಅನುಸರಿಸಬೇಕು. ಬಾಗಿಗೆ ಅಡ್ಡಲಾಗಿ ನಿಂತಿದ್ದರೆ ಕೋಷ್ಟಕದ ಒಂದು ಸಾಲಿನ ಚಿಹ್ನೆ ಬದಲಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ನಾರಿನ ದಾರಿ ಬಿಡಿಸಿಕೊಡುವವರು ಇದನ್ನು ಪ್ರತಿ ಯಂತ್ರಕ್ಕೂ, ಪ್ರತಿ ತಂತ್ರಾಂಶ ಅಪ್‌ಗ್ರೇಡ್‌ನ ನಂತರವೂ ಮಾಡಲೇಬೇಕು.

ಗ್ಯಾಡೊಲಿನಿಯಮ್ ಪರ್ಫ್ಯೂಷನ್: ಗೆರೆಯನ್ನು ಓದಿ

ಡಿಎಸ್‌ಸಿಯಲ್ಲಿ ಹೆಚ್ಚಿನ ದೋಷಗಳು ಸೂಜಿಯಿಂದಲೇ ಶುರು. 18 ಅಥವಾ 20 ಗೇಜ್ ಕ್ಯಾನ್ಯುಲಾ, ಸಾಧ್ಯವಾದರೆ ಬಲ ಮೊಣಕೈ, ಸೆಕೆಂಡಿಗೆ 4ರಿಂದ 5 ಮಿಲೀ, ಅದೇ ವೇಗದಲ್ಲಿ 20 ಮಿಲೀ ಸಲೈನ್. ಪ್ರಮಾಣ ಕೆಜಿಗೆ 0.1 ಮಿಲಿಮೋಲ್. 0.5 ಮೋಲಾರ್ ಔಷಧಿಯಾದರೆ 60 ಕೆಜಿ ರೋಗಿಗೆ 12 ಮಿಲೀ, 1 ಮೋಲಾರ್ ಆದರೆ 6 ಮಿಲೀ. ಈ ಎರಡನ್ನು ಅದಲುಬದಲು ಮಾಡಿದರೆ ಪ್ರಮಾಣ ಇಮ್ಮಡಿಯೋ ಅರ್ಧವೋ ಆಗುತ್ತದೆ.

ಸಿಗ್ನಲ್ ಇಳಿತ ತೀರಾ ಕಡಿಮೆಯಿದ್ದರೆ ತೋಳು ಮುಟ್ಟಿ ನೋಡಿ, ಔಷಧಿ ಚರ್ಮದಡಿಗೆ ಹೋಗಿರಬಹುದು. ಇಳಿತ ಅಗಲವಾಗಿ ಹರಡಿದ್ದರೆ ಚುಚ್ಚುಮದ್ದು ನಿಧಾನ, ಸಲೈನ್ ಸಾಲದು, ಇಲ್ಲವೇ ಹೃದಯ ದುರ್ಬಲ. ಗೆರೆಯ ಮೊದಲ ಕೆಲವು ಬಿಂದುಗಳು ಎತ್ತರದಲ್ಲಿದ್ದರೆ ಸಿಗ್ನಲ್ ಇನ್ನೂ ಸ್ಥಿರವಾಗಿಲ್ಲ. ಅವನ್ನು ಬಿಟ್ಟು ಬೇಸ್‌ಲೈನ್ ಲೆಕ್ಕ ಹಾಕಿ. ಔಷಧಿ ಬರುವ ಮೊದಲು ಬೇಸ್‌ಲೈನ್‌ಗೆ ಸಾಕಷ್ಟು ಬಿಂದುಗಳಿರಬೇಕು, ಆದ್ದರಿಂದ ಇಂಜೆಕ್ಟರ್ ಒತ್ತುವ ಆತುರ ಬೇಡ. ಟಿಆರ್ (ಒಂದು ಬಿಂದುವಿನಿಂದ ಮುಂದಿನದಕ್ಕೆ ಹಿಡಿಯುವ ಸಮಯ) 1.5 ಸೆಕೆಂಡ್ ಮೀರದಿರಲಿ. ಮೀರಿದರೆ ಚೂಪು ತುದಿ ತಪ್ಪಿಹೋಗಿ ಸಿಬಿಎಫ್ ಅಂಕಿ ಕೆಡುತ್ತದೆ.

ಗಡ್ಡೆಯಲ್ಲಿ ಗೆರೆ ಹಿಂತಿರುಗುವಾಗ ಬೇಸ್‌ಲೈನ್ ದಾಟಿ ಮೇಲೆ ಹೋದರೆ ಔಷಧಿ ರಕ್ತನಾಳದಿಂದ ಸೋರಿ ಟಿ1 ಹೊಳಪು ಕೊಡುತ್ತಿದೆ, ಸಿಬಿವಿ ಕಡಿಮೆ ಬರುತ್ತದೆ. ಕೆಳಗೇ ಉಳಿದರೆ ಟಿ2* ಸೋರಿಕೆ, ಸಿಬಿವಿ ಹೆಚ್ಚು ಬರುತ್ತದೆ. 60 ಡಿಗ್ರಿ ಫ್ಲಿಪ್ ಕೋನಕ್ಕೆ ಮುನ್ನ ಒಂದು ಪ್ರೀಲೋಡ್ (ಮುಂಚಿತವಾಗಿ ಕೊಡುವ) ಪ್ರಮಾಣ, ಅಥವಾ ಪ್ರೀಲೋಡ್ ಇಲ್ಲದೆ 30 ಡಿಗ್ರಿ. ಎರಡರಲ್ಲೊಂದು ಆರಿಸಿ ಎಲ್ಲ ರೋಗಿಗಳಿಗೂ ಅದನ್ನೇ ಇಡಿ. ಸೋರಿಕೆ ತಿದ್ದುವ ಗಣಿತವನ್ನಂತೂ ಬಿಡಬೇಡಿ.

ಅಪಧಮನಿಯ ಗೆರೆಯನ್ನು ತಂತ್ರಾಂಶ ಎಲ್ಲಿಂದ ಆರಿಸಿತು ಎಂಬುದನ್ನು ಪ್ರತಿ ಸಲ ತೆರೆದು ನೋಡಿ. ಅದು ಬೇಗ ಬರಬೇಕು, ಆಳವಾಗಿ ಇಳಿಯಬೇಕು, ಕಿರಿದಾಗಿರಬೇಕು. ತಳ ಚಪ್ಪಟೆಯಾಗಿದ್ದರೆ ಸಿಗ್ನಲ್ ಬತ್ತಿಹೋಗಿದೆ, ಬೇರೆ ಪಿಕ್ಸೆಲ್ ಬೇಕು. ಗೆರೆ ಕುಗ್ಗಿದ್ದಷ್ಟೂ ಸಿಬಿಎಫ್ ಸುಳ್ಳೇ ಏರುತ್ತದೆ. ಅಡಚಣೆಯಿರುವ ಬದಿಯ ನಾಳ ಆರಿಸಿಬಿಟ್ಟರೆ ಆ ಬದಿಯ ವಿಳಂಬ ಟಿಮ್ಯಾಕ್ಸ್ (ರಕ್ತ ತಲುಪಲು ಆಗುವ ತಡ) ನಕ್ಷೆಯಲ್ಲಿ ಅಡಗಿಬಿಡಬಹುದು. ಇಡೀ ತಲೆಯಲ್ಲಿ ಟಿಮ್ಯಾಕ್ಸ್ 6 ಸೆಕೆಂಡ್ ದಾಟಿದೆ ಎಂದು ಬಂದರೆ ಮೆದುಳಿಗಿಂತ ಮೊದಲು ಈ ಆಯ್ಕೆಯನ್ನು ಅನುಮಾನಿಸಿ.

ಎಎಸ್‌ಎಲ್: ನೂರರಲ್ಲಿ ಒಂದು ಪಾಲನ್ನು ಹುಡುಕುವ ಕೆಲಸ

ಔಷಧಿಯಿಲ್ಲದೆ ಕುತ್ತಿಗೆಯ ರಕ್ತವನ್ನೇ ಕಾಂತೀಯವಾಗಿ ಗುರುತು ಹಾಕಿ ಕಳಿಸುವ ಎಎಸ್‌ಎಲ್‌ನಲ್ಲಿ ನಾವು ಹುಡುಕುವ ವ್ಯತ್ಯಾಸ ಅಂಗಾಂಶ ಸಿಗ್ನಲ್‌ನ ಸುಮಾರು 1%. ತಲೆ ಒಂದಿಷ್ಟು ಅಲುಗಿದರೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಬಂದುಬಿಡುತ್ತದೆ. ಆದ್ದರಿಂದ ಬ್ಯಾಕ್‌ಗ್ರೌಂಡ್ ಸಪ್ರೆಷನ್ (ಅಂಗಾಂಶದ ಸ್ವಂತ ಸಿಗ್ನಲ್ ಅಡಗಿಸುವುದು) ಇರಲೇಬೇಕು, ತಲೆಯ ಬದಿಗೆ ಮೆತ್ತೆ ಬಿಗಿಯಾಗಿರಬೇಕು. ಗ್ಯಾಡೊಲಿನಿಯಮ್ ಕೊಡುವ ಮೊದಲೇ ಎಎಸ್‌ಎಲ್ ಮುಗಿಸಿ. ಔಷಧಿ ರಕ್ತದ ಟಿ1 ಅನ್ನು (ಕಾಂತೀಯ ಗುರುತು ಅಳಿಯಲು ಹಿಡಿಯುವ ಸಮಯ) ಕುಗ್ಗಿಸುತ್ತದೆ, ಹಾಕಿದ ಗುರುತು ಮೆದುಳು ತಲುಪುವ ಮೊದಲೇ ಅಳಿಸಿಹೋಗುತ್ತದೆ. ನಕ್ಷೆ ಖಾಲಿ ಬಂತೆಂಬ ದೂರಿಗೆ ಕಾರಣ ಕೆಲವೊಮ್ಮೆ ಇಷ್ಟೇ.

ಎಎಸ್‌ಎಲ್‌ನ ಒಂದು ಬಗೆಯಾದ ಪಿಸಿಎಎಸ್‌ಎಲ್‌ಗೆ 2015ರ ಒಮ್ಮತದ ಶಿಫಾರಸು ಹೀಗಿದೆ: ಗುರುತು ಹಾಕುವ ಅವಧಿ 1800 ಮಿಲಿಸೆಕೆಂಡ್, ಕಾಯುವ ಸಮಯ ವಯಸ್ಕ ರೋಗಿಗಳಿಗೆ 2000, ಮಕ್ಕಳಿಗೆ 1500. 3 ಟೆಸ್ಲಾದಲ್ಲಿ ರಕ್ತದ ಟಿ1 1650, ದಕ್ಷತೆ 0.85. ಈ ಅಂಕಿಗಳನ್ನು ಹಾಕಿದರೆ ವ್ಯತ್ಯಾಸ ಚಿತ್ರವನ್ನು ಎಂ0 ಚಿತ್ರದಿಂದ (ಗುರುತು ಹಾಕದೆ ಪೂರ್ಣ ಸಿಗ್ನಲ್ ತೆಗೆದದ್ದು) ಭಾಗಿಸಿ ಸುಮಾರು 9740ರಿಂದ ಗುಣಿಸಿದಾಗ ಸಿಬಿಎಫ್ ಸಿಗುತ್ತದೆ. 0.6% ವ್ಯತ್ಯಾಸಕ್ಕೆ 100 ಗ್ರಾಂಗೆ ನಿಮಿಷಕ್ಕೆ 58 ಮಿಲೀ, ಬೂದು ಭಾಗಕ್ಕೆ ಒಪ್ಪುವ ಅಂಕಿ. ಒಂದು ಪಿಕ್ಸೆಲ್‌ಗೆ ಹೀಗೆ ಮಾಡಿ ನೋಡಿ. ಉತ್ತರ ಸಾವಿರ ಪಟ್ಟು ತಪ್ಪಿದ್ದರೆ ಸೆಕೆಂಡ್, ಮಿಲಿಸೆಕೆಂಡ್ ಬೆರೆತಿವೆ. ಇಡೀ ಮೆದುಳು ಋಣ ಅಂಕಿ ತೋರಿಸಿದರೆ ಲೇಬಲ್, ಕಂಟ್ರೋಲ್ ಸರದಿ ತಿರುಗಿದೆ. ಎಲ್ಲವೂ ಎತ್ತರವಿದ್ದರೆ ಎಂ0 ಚಿತ್ರಕ್ಕೂ ಬ್ಯಾಕ್‌ಗ್ರೌಂಡ್ ಸಪ್ರೆಷನ್ ಹಾಕಿಬಿಟ್ಟಿದ್ದೀರೇ, ಎಂ0ಯ ಟಿಆರ್ 5 ಸೆಕೆಂಡಿಗಿಂತ ಕಡಿಮೆಯಿದ್ದೂ ತಿದ್ದದೆ ಬಿಟ್ಟಿದ್ದೀರೇ ನೋಡಿ.

ಒಂದೇ ನಾಳದ ಪ್ರದೇಶ ಪೂರ್ತಿ ಕಪ್ಪಾಗಿದ್ದರೆ ನಾಳ ಮುಚ್ಚಿದೆ ಎಂದು ಬರೆಯುವ ಮೊದಲು ಆಂಜಿಯೋ ಚಿತ್ರ ತೆರೆಯಿರಿ. ನಾಳ ತೆರೆದಿದ್ದರೆ ಗುರುತು ಹಾಕುವಲ್ಲೇ ಎಡವಟ್ಟಾಗಿದೆ. ಲೇಬಲಿಂಗ್ ತಟ್ಟೆ (ರಕ್ತಕ್ಕೆ ಗುರುತು ಹಾಕುವ ಸಮತಲ) ನಾಳಕ್ಕೆ ಲಂಬವಾಗಿ, ನೇರವಾಗಿ ಏರುವ ಭಾಗದಲ್ಲಿ ಕೂರಬೇಕು. ವರ್ಟಿಬ್ರಲ್ ನಾಳ ಕುತ್ತಿಗೆಯ ಮೇಲ್ತುದಿಯಲ್ಲಿ ಅಡ್ಡಲಾಗಿ ಸುತ್ತು ಹಾಕುತ್ತದೆ. ತಟ್ಟೆ ಅಲ್ಲೇ ಬಿದ್ದರೆ ರಕ್ತ ಅದರ ಉದ್ದಕ್ಕೂ ಹರಿದು ಗುರುತು ಸರಿಯಾಗಿ ಕೂರುವುದಿಲ್ಲ, ಮೆದುಳಿನ ಹಿಂಭಾಗ ಮಂಕಾಗುತ್ತದೆ. ಹಲ್ಲಿನ ಲೋಹ, ಕ್ಯಾರೋಟಿಡ್ ಸ್ಟೆಂಟ್ ಇದ್ದರೂ ಇದೇ ಪಾಡು. ತಟ್ಟೆಯನ್ನು 1-2 ಸೆಂಮೀ ಸರಿಸಿ, ಶಿಮ್ ಪೆಟ್ಟಿಗೆಯೊಳಗೆ ಕುತ್ತಿಗೆಯನ್ನೂ ಸೇರಿಸಿ ಮತ್ತೆ ತೆಗೆಯಿರಿ. ಎರಡನೇ ಸಲ ಕತ್ತಲ ಜಾಗ ತುಂಬಿದರೆ ಮೊದಲನೆಯದು ಸುಳ್ಳು.

ಹಾವಿನಂತೆ ಹೊಳೆಯುವ ನಾಳಗಳು, ಅವುಗಳ ಮುಂದಿನ ಅಂಗಾಂಶ ಕಪ್ಪು: ರಕ್ತ ಇನ್ನೂ ದಾರಿಯಲ್ಲಿದೆ. ಹರಿವು ನಿಂತಿಲ್ಲ, ತಡವಾಗಿದೆ. ಕಾಯುವ ಸಮಯವನ್ನು 2500ಕ್ಕೆ ಏರಿಸಿ ಅಥವಾ ಹಲವು ಕಾಯುವ ಸಮಯಗಳಲ್ಲಿ ತೆಗೆಯಿರಿ. ಸಿಗ್ನಲ್ ಇಳಿಯುವುದರಿಂದ ಆವರ್ತನೆ ಹೆಚ್ಚಿಸಬೇಕು. ಈ ಚಿತ್ರದಲ್ಲಿ ಸಿಬಿಎಫ್ ಅಂಕಿ ಬರೆಯಬೇಡಿ, ವಿಳಂಬವಿದೆ ಎಂದು ಬರೆಯಿರಿ. ವೈದ್ಯರಿಗೆ ಅದೇ ಹೆಚ್ಚು ಉಪಯೋಗ.

ನಮ್ಮಲ್ಲಿ ಮರೆಯಬಾರದ ಒಂದು ಕಾರಣ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ 57% ಮಂದಿಗೆ ಇದೆ. ರಕ್ತ ತೆಳುವಾದಾಗ ಮೆದುಳಿಗೆ ಹರಿವು ನಿಜಕ್ಕೂ ಏರುತ್ತದೆ. ಜೊತೆಗೆ ರಕ್ತದ ಟಿ1 ಉದ್ದವಾಗುತ್ತದೆ. ನಿಜವಾದ ಟಿ1 1800 ಇದ್ದು ಲೆಕ್ಕದಲ್ಲಿ 1650 ಉಳಿದರೆ ಸಿಬಿಎಫ್ ಇನ್ನೂ 15% ಹೆಚ್ಚು ಬರುತ್ತದೆ. ಇಡೀ ಮೆದುಳು ಸಮನಾಗಿ ಕೆಂಪಾಗಿ ಬಂದ ಮಹಿಳೆಯ ನಕ್ಷೆ ಕಂಡರೆ ಹಿಮೊಗ್ಲೋಬಿನ್ ವರದಿ ಕೇಳಿ, ಹಿಮಟೋಕ್ರಿಟ್‌ಗೆ ತಕ್ಕ ಟಿ1 ಹಾಕಿ ಮತ್ತೆ ಲೆಕ್ಕ ಮಾಡಿ.

ಇದಕ್ಕೆ ತದ್ವಿರುದ್ಧವಾಗಿ ಎಲ್ಲೆಡೆ ಸಮನಾಗಿ ಕಡಿಮೆ ಬಂದು, ತಟ್ಟೆ, ಎಂ0, ಲೆಕ್ಕ ಎಲ್ಲವೂ ಸರಿಯಿದ್ದರೆ ಸ್ಕ್ಯಾನ್‌ಗೆ ಬರುವ ಮುನ್ನ ಏನು ಕುಡಿದಿರಿ ಎಂದು ಕೇಳಿ. 250 ಮಿಲಿಗ್ರಾಂ ಕೆಫೀನ್ ಮೆದುಳಿನ ರಕ್ತದ ಹರಿವನ್ನು 20ರಿಂದ 30% ಇಳಿಸಬಲ್ಲದು. ಬೆಳಗಿನ ಎರಡು ಲೋಟ ಗಟ್ಟಿ ಫಿಲ್ಟರ್ ಕಾಫಿಯ ನಂತರ ತೆಗೆದ ನಕ್ಷೆಯನ್ನು ಕಳೆದ ತಿಂಗಳು ಖಾಲಿ ಹೊಟ್ಟೆಯಲ್ಲಿ ತೆಗೆದದ್ದರ ಪಕ್ಕ ಇಡುವಂತಿಲ್ಲ. ಅಪಾಯಿಂಟ್‌ಮೆಂಟ್ ಚೀಟಿಯಲ್ಲೇ ಕಾಫಿ, ಟೀ ಬಗ್ಗೆ ಒಂದು ಸಾಲು ಬರೆಸಿ. ಕುಡಿದೇ ಬಂದಿದ್ದರೆ ಎಷ್ಟು ಹೊತ್ತಿಗೆ ಎಂಬುದನ್ನು ಕಾಯುವ ಸಮಯ, ತಟ್ಟೆಯ ಸ್ಥಾನ, ಹಿಮೊಗ್ಲೋಬಿನ್‌ಗಳ ಜೊತೆಗೆ ಸ್ಕ್ಯಾನ್ ಟಿಪ್ಪಣಿಯಲ್ಲಿ ದಾಖಲಿಸಿ.